ಇಬ್ಬರಿಗೂ ಒಂದೇ ಇಮೇಲ್

ಮದುವೆಯಾದ ಹೊಸದರಲ್ಲಿ ನಾನು ಶಹಾಪುರದ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಹೆಂಡತಿ ನಾರಾಯಣಪುರದ ಕಾಲುವೆ ಆಫೀಸಿನಲ್ಲಿ ಗುಮಾಸ್ತೆ, ಅಲ್ಲೇ ಕ್ವಾರ್ಟರ್ಸ್‌ನಲ್ಲಿ ವಾಸ. ಇಮೇಲ್ ಮಾಡಿಸುವಾಗ ಇಬ್ಬರಿಗೂ ಸೇರಿ ಒಂದೇ ವಿಳಾಸ ಮಾಡಿದೆ. ಸಂಸಾರಕ್ಕೆ ಒಂದು ರೇಷನ್ ಕಾರ್ಡು ಸಾಕಾದರೆ ಇಮೇಲ್ ಎರಡೇಕೆ ಎಂಬುದು ನನ್ನ ತರ್ಕ. ನಾನು ನಮ್ಮ ವಿಳಾಸಕ್ಕೇ ಬರೆದು ಕಳಿಸುವುದು, ಅವಳು ಅಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಅದೇ ಪೆಟ್ಟಿಗೆ ತೆರೆದು ಓದುವುದು. ಊರಿಗೆಲ್ಲ ಕಂಪ್ಯೂಟರ್ ಕಲಿಸುತ್ತಿದ್ದವನ ಏರ್ಪಾಡು ಇದು.

ಒಂದು ಭಾನುವಾರ ಸುರಪುರದ ಮೇಲೆ ಹಾದು ಅವಳಲ್ಲಿಗೆ ಹೋದಾಗ ಸುದ್ದಿ ಹೇಳಿದಳು. ಪ್ರಮೋಷನ್ ಬಂದಿದೆ, ತೆಗೆದುಕೊಂಡರೆ ಇನ್ನೂ ಕೆಲವು ವರ್ಷ ನಾರಾಯಣಪುರವೇ. ಬೇಡವೆಂದರೆ ಶಹಾಪುರದಲ್ಲಿ ಹಳೆಯ ದರ್ಜೆಯ ಒಂದು ಜಾಗ ಖಾಲಿ ಇದೆ. ಬುಧವಾರ ಸಂಜೆಯೊಳಗೆ ಬರೆದು ಕೊಡಬೇಕು. ನಿಮ್ಮ ಮಾತೇನು ಎಂದು ಕೇಳಿದಳು. ಎದುರಿಗೆ ಕೂತಾಗ ನನ್ನ ಬಾಯಿಗೆ ಬೀಗ ಬೀಳುತ್ತದೆ. ಇಮೇಲ್ ಮಾಡುತ್ತೇನೆ ಎಂದು ಬಸ್ಸು ಹತ್ತಿದೆ. ಅವಳ ಆಫೀಸಿನ ಫೋನು ಸಾಹೇಬರ ಮೇಜಿನ ಮೇಲಿತ್ತು, ಮನೆಯ ಮಾತು ಅಲ್ಲಿ ಆಡುವಂತಿರಲಿಲ್ಲ.

ಸೋಮವಾರ ಬರೆದೆ: ಪ್ರಮೋಷನ್ ಬಿಡು, ಮನೆಗೆ ಬಾ, ಒಬ್ಬನೇ ಕೂತು ತಿಂದರೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಕಳಿಸಲು ಒತ್ತಿದರೆ ಸರ್ವರ್ ಸಂಪರ್ಕ ಕಡಿಯಿತು. ಮತ್ತೆ ಒತ್ತಿದೆ, ಮತ್ತೆ ಕಡಿಯಿತು. ಮೋಡೆಮ್ ತಟ್ಟಿದೆ, ವೈರು ಬದಲಿಸಿದೆ, ಟೆಲಿಫೋನ್ ಆಫೀಸಿಗೆ ಹೋಗಿ ಲೈನ್‌ಮನ್ ಜೊತೆ ಜಗಳ ಕಾದೆ. ಮೇಲ್ ಪ್ರೋಗ್ರಾಮನ್ನೇ ಕಿತ್ತು ಮತ್ತೆ ಹಾಕಿದೆ. ಇಂಟರ್‌ನೆಟ್ ಸರಿಯಾಗಿಯೇ ಇತ್ತು, ಮೇಲ್ ಮಾತ್ರ ನನ್ನನ್ನು ಬಾಗಿಲಿಂದ ಹೊರಗೆ ತಳ್ಳುತ್ತಿತ್ತು.

ಬುಧವಾರ ಮಧ್ಯಾಹ್ನ ಕೊನೆಗೂ ಮೇಲ್ ಕಂಪನಿಗೆ ಫೋನ್ ಹಚ್ಚಿದೆ. ನಿಮ್ಮ ಪೆಟ್ಟಿಗೆಯನ್ನು ಬೇರೆ ಯಾರೋ ಸದಾ ತೆರೆಯುತ್ತಿದ್ದಾರೆ, ನಮ್ಮ ಸರ್ವರ್ ಒಂದು ಸಲಕ್ಕೆ ಒಬ್ಬರನ್ನೇ ಬಿಡುತ್ತದೆ, ಪೆಟ್ಟಿಗೆ ತೆರೆಯದೆ ಕಳಿಸಲೂ ಆಗದು ಎಂದಳು ಅಲ್ಲಿಯ ಹುಡುಗಿ. ನನಗೆ ಮೈಯೆಲ್ಲ ಉರಿಯಿತು. ಕಳ್ಳ! ಪಾಸ್‌ವರ್ಡ್ ಒತ್ತುವಾಗ ನನ್ನ ಬೆರಳನ್ನೇ ನೋಡುತ್ತಿದ್ದ ದೋರನಹಳ್ಳಿಯ ವಿದ್ಯಾರ್ಥಿಯ ಮೇಲೆ ಅನುಮಾನ ಬಂತು. ಕೂಡಲೇ ಆ ಹುಡುಗಿಗೇ ಹೇಳಿ ಪಾಸ್‌ವರ್ಡ್ ಬದಲಿಸಿದೆ. ಸಂಪರ್ಕ ಕಡಿಯಲಿಲ್ಲ, ಪತ್ರ ಒಂದೇ ಏಟಿಗೆ ಹೋಯಿತು. ಕಳ್ಳನ ಕೈ ಕತ್ತರಿಸಿದ ಖುಷಿಗೆ ಹೋಗಿ ಮಿರ್ಚಿ ಭಜಿ ತಿಂದು ಬಂದೆ.

ಮರುದಿನ ಬೆಳಿಗ್ಗೆ ಅವಳ ಫೋನು. ಸಾಹೇಬರು ಕಾಲುವೆ ನೋಡಲು ಹೋಗಿದ್ದರು.

“ಸೋಮವಾರದಿಂದ ನಿಮ್ಮ ಪತ್ರ ಬಂತೇನಂತ ನಿಮಿಷಕ್ಕೊಮ್ಮಿ ಪೆಟ್ಟಿಗಿ ತೆಗದು ನೋಡಾಕತ್ತಿದ್ನಿರಿ. ನಿನ್ನಿ ಪಾಸ್‌ವರ್ಡ ತಪ್ಪು ಅಂತು.”

ಕಳ್ಳ ಸಿಕ್ಕಿದ. ನಗಬೇಕೆನ್ನುವಷ್ಟರಲ್ಲಿ ಅವಳು ಮುಂದುವರಿಸಿದಳು. ನನ್ನ ಮಾತು ಬರಲಿಲ್ಲವಾದ್ದರಿಂದ ಪ್ರಮೋಷನ್ ತೆಗೆದುಕೊಳ್ಳುತ್ತೇನೆಂದು ಬರೆದು ಕೊಟ್ಟಿದ್ದಳು.

ನನ್ನ ಬಾಯಿ ದೊಡ್ಡ ಮನುಷ್ಯನ ಹಾಗೆ ಮಾತಾಡಿತು. “ಚಲೋ ಮಾಡಿದಿ. ನಾನೂ ಅದನ್ನ ಬರದಿದ್ದೆ.” ಅಷ್ಟಕ್ಕೇ ನಿಲ್ಲದೆ ಹೊಸ ಪಾಸ್‌ವರ್ಡನ್ನೂ ಅಕ್ಷರ ಬಿಡಿಸಿ ಹೇಳಿದೆ. ಫೋನ್ ಇಟ್ಟ ಮೇಲೆ ನೆನಪಾಯಿತು, ನನ್ನ ಪತ್ರ ಇನ್ನೂ ಆ ಪೆಟ್ಟಿಗೆಯಲ್ಲೇ ಕೂತಿದೆ. ಅಳಿಸಲು ಓಡಿದೆ. ಸರ್ವರ್ ಒಳಗೆ ಬಿಡಲಿಲ್ಲ. ಅವಳು ಆಗಲೇ ಒಳಗಿದ್ದಳು. ಫೋನ್ ಲೈನ್ ಖಾಲಿಯಾಗಲೆಂದು ಇಂಟರ್‌ನೆಟ್ ಕಿತ್ತುಹಾಕಿ ಫೋನಿನ ಮುಂದೆ ಕೂತೆ.

ಸ್ವಲ್ಪ ಹೊತ್ತಿಗೆ ಅದು ರಿಂಗಾಯಿತು. ಎತ್ತಲು ನಾಚಿಕೆಯಾಯಿತು, ಎತ್ತಿದೆ.

“ಓದಿದ್ನಿ. ಚಲೋ ಬರದೀರಿ,” ಎಂದಳು. ಆಮೇಲೆ ದನಿ ಇಳಿಸಿ, “ನನಗ ನೀವೂ ಬೇಕ್ರಿ, ಈ ಕುರ್ಚಿನೂ ಬೇಕು. ಕಂಪ್ಯೂಟರ್ ಕಲಿಯೋರು ಇಲ್ಲೂ ಅದಾರ. ನೀವ ಬರ್ರಿ.”

ಮೂರು ದಿನ ಅಷ್ಟೆಲ್ಲ ಯೋಚಿಸಿದ್ದೆನಲ್ಲ, ನಾನೂ ಹೋಗಬಹುದು ಎಂಬುದು ಮಾತ್ರ ನನಗೆ ಹೊಳೆದೇ ಇರಲಿಲ್ಲ.