ಕೆರೆಯ ನಡುವಿನ ಜಾಗ

ಲಂಡನ್ನಿನ ನದಿ ಹಿಂದೆ ಕೆಲವು ಚಳಿಗಾಲಗಳಲ್ಲಿ ಹೆಪ್ಪುಗಟ್ಟುತ್ತಿತ್ತಂತೆ. ಆ ಮಂಜುಗಡ್ಡೆಯ ಮೇಲೆಯೇ ಜನ ಡೇರೆ ಹಾಕಿ, ಮಾಂಸ ಸುಟ್ಟು, ಸಂತೆ ನಡೆಸುತ್ತಿದ್ದರಂತೆ. ಮೊನ್ನೆ ಮೊಬೈಲಿನಲ್ಲಿ ಓದಿ ಅತ್ತೆಗೆ ಹೇಳಿದೆ. ಕುರಿಗೆ ಸೊಪ್ಪು ಹಾಕುತ್ತಿದ್ದ ಅವರು, ಗಡ್ಡೆ ಗಟ್ಟಿಯಿದೆ ಎಂದವರು ಯಾರು ಎಂದು ಕೇಳಿದರು. ದೋಣಿ ನಡೆಯದೆ ಕೂತಿದ್ದ ದೋಣಿಯವರೇ ಕಾಸು ವಸೂಲಿ ಮಾಡಿ ಜನರನ್ನು ಇಳಿಸುತ್ತಿದ್ದರು ಎಂದೆ.

"ಹಂಗಾರೆ ನಾನು ಇಳೀತಿರಲಿಲ್ಲ" ಎಂದರು.

ನನಗೆ ನಗು ಬರಲಿಲ್ಲ. ಹೋದ ಬೇಸಿಗೆ ನೆನಪಾಯಿತು.

ಸಂತೆ ಮೈದಾನದಲ್ಲಿ ಕಾಮಗಾರಿ ಎಂದು ಆಗ ನಮ್ಮೂರ ಸಂತೆಯನ್ನು ಒಣಗಿದ ಕೆರೆಯ ಅಂಗಳಕ್ಕೆ ಹಾಕಿದ್ದರು. ಶಿಕಾರಿಪುರದಿಂದಲೂ ಸೊರಬದಿಂದಲೂ ವ್ಯಾಪಾರಿಗಳು ಬಂದರು. ಮಳೆಗಾಲಕ್ಕೆ ಮುಂಚೆ ಕಂಬಳಿ ಕೊಳ್ಳುವವರು ಬಹಳ. ನಾನು ಮೊದಲ ಸಲ ಅಂಗಡಿ ಇಡುವವಳಿದ್ದೆ. ಮಾರಾಟವಾಗದಿದ್ದರೆ ಸುಮ್ಮನೆ ಕುರಿ ಕಾಯಿ ಎಂದು ಗಂಡ ಹೇಳಿಬಿಟ್ಟಿದ್ದರು. ನಾದಿನಿಯೂ ಕಂಬಳಿ ತಂದಿದ್ದಳು. ಮನೆಗೆ ಸಿಕ್ಕಿದ್ದು ಎರಡು ಜಾಗ: ಒಂದು ಕೆರೆಯ ನಡುವೆ, ಜನ ಕಿಕ್ಕಿರಿಯುವಲ್ಲಿ, ಇನ್ನೊಂದು ಏರಿಯ ಬುಡದಲ್ಲಿ, ನಾಯಿಯೂ ಸುಳಿಯದ ಕಡೆ. ನಡುವಿನದು ನಾದಿನಿಯ ಪಾಲಾಯಿತು. ಅಲ್ಲಿ ಮೇಲೆ ಒಣಗಿದ್ದರೂ ಕೆಳಗೆ ಕೆಸರಿದೆ, ನೀನು ಏರಿಯ ಹತ್ತಿರವೇ ಕೂರು ಎಂದು ಅತ್ತೆ ನನಗೆ ಹೇಳಿದರು. ಮಗಳನ್ನು ಕೆಸರಿನ ಮೇಲೆ ಕೂರಿಸುವ ತಾಯಿ ಇದ್ದಾಳೆಯೇ? ನನ್ನ ಕಿವಿಯ ಮೇಲೆ ಹೂ ಇಡುತ್ತಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಹೋಗಿ ಏರಿಯ ಬುಡದಲ್ಲಿ ಕಂಬಳಿ ಹರವಿ ಕೂತೆ.

ಮಧ್ಯಾಹ್ನ ಈರುಳ್ಳಿ ಲಾರಿಯೊಂದು ನಡುವೆ ಹಾಯುವಾಗ ಚಕ್ರ ಹೂತು, ಬಿರುಕುಗಳಿಂದ ಕಪ್ಪು ಕೆಸರು ಉಕ್ಕಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ನಾದಿನಿಯ ಅರ್ಧ ಕಂಬಳಿಗಳು ಹಾಳಾದವು. ಉಳಿದವನ್ನು ಹೊತ್ತು ನನ್ನ ಜಾಗಕ್ಕೆ ಬಂದವಳೇ, ಅಲ್ಲೇ ಕೂತಿದ್ದ ತಾಯಿಯ ಮೇಲೆ ರೇಗಿದಳು. ಅತ್ತಿಗೆಗೆ ಒಳ್ಳೆಯ ಜಾಗ ಕೊಡಿಸಲು ನೀನು ಕೆಸರಿನ ಕಥೆ ಕಟ್ಟಿದೆ ಅಂದುಕೊಂಡೆ, ಅದಕ್ಕೇ ಹಟ ಮಾಡಿ ಅಲ್ಲಿ ಕೂತೆ, ಗಟ್ಟಿಯಾಗಿ ಹೇಳಲು ಏನಾಗಿತ್ತು ಎಂದಳು.

ಅತ್ತೆ ನಮ್ಮಿಬ್ಬರನ್ನೂ ನೋಡಿದರು. "ಇಬ್ರಿಗೂ ಒಂದೇ ಮಾತು ಹೇಳಿದ್ದೆ ಕಣ್ರೇ. ನನ್ನನ್ನ ಒಬ್ರಾದ್ರೂ ನಂಬಿದ್ರಾ?"

ಜನ ಈಗ ಏರಿಯ ಕಡೆಗೇ ಬರತೊಡಗಿದ್ದರು. ಅತ್ತೆ ಯಾರ ಕಂಬಳಿ ಮೊದಲು ಬಿಚ್ಚಿ ತೋರಿಸುತ್ತಾರೋ ಎಂದು ನಾವಿಬ್ಬರೂ ಓರೆಗಣ್ಣಿನಲ್ಲಿ ಕಾಯುತ್ತಿದ್ದೆವು. ಅವರಿಗೆ ಅದು ಗೊತ್ತಾಯಿತು. ಒಂದನ್ನೂ ಮುಟ್ಟದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಏರಿ ಹತ್ತಿ ಒಬ್ಬರೇ ಮನೆಗೆ ನಡೆದರು.