ಗಾಜಿನಕ್ಕನ ಮೂರನೆಯ ಪಂಪು

ಗಾಜಿನಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದ ಆ ಹೆಂಗಸಿಗೆ ಐವತ್ತೊಂದು ವರ್ಷ. ಗಂಡ ಗಾಜು ಕತ್ತರಿಸುವವನು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಕಂಬಳಿ ಹಾಸಿದ ಉದ್ದನೆಯ ಮೇಜು, ಅದೇ ಅವನ ಲೋಕ. ಅವನು ಕತ್ತರಿಸಿದ್ದನ್ನು ಲಾರಿಗೇರಿಸಿಕೊಂಡು ಕಟ್ಟಡಗಳಿಗೆ ಮುಟ್ಟಿಸುವುದು ಇವಳ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ದಾರಿಯಲ್ಲಿ ಒಡೆದದ್ದು ನಾಲ್ಕೇ ಹಾಳೆ. ಅದರಲ್ಲೂ ಎರಡು ಬೇರೆಯವರ ತಪ್ಪಿನಿಂದ ಎಂದು ಅವಳು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.

ಐದನೆಯದು ಒಡೆದದ್ದು ಮೇಲುಸೇತುವೆಯ ಏರಿನಲ್ಲಿ. ಲಾರಿಯ ತುಂಬ ಆಳೆತ್ತರದ ಕಿಟಕಿ ಗಾಜು, ಓರೆ ಚೌಕಟ್ಟಿಗೆ ಒರಗಿಸಿ ಪಟ್ಟಿ ಬಿಗಿದದ್ದು. ಅರ್ಧ ಏರುವಷ್ಟರಲ್ಲಿ ಎಂಜಿನ್ನು ಕೆಮ್ಮಿತು, ಎರಡು ಸಲ ಮುಗ್ಗರಿಸಿತು, ಆಮೇಲೆ ಆರಿಯೇ ಹೋಯಿತು. ಮುಗ್ಗರಿಸಿದ ಏಟಿಗೆ ಹಿಂದಿನಿಂದ ‘ಟಣ್’ ಎಂದಿತು. ಏನೆಂದು ತಿಳಿಯಲು ಅವಳು ತಿರುಗಿ ನೋಡಬೇಕಾಗಿರಲಿಲ್ಲ. ಹಿಂದಿನ ಗಾಡಿಯವರು ಹಾರನ್ನು ಒತ್ತಿದ್ದೇ ಒತ್ತಿದ್ದು.

“ಒತ್ತಿ, ಒತ್ತಿ! ನಿಮ್ಮ ಹಾರನ್ನಿಗೆ ನನ್ನ ಲಾರಿ ಏರುತ್ತೆ ಅಂದ್ರೆ ದಿನಾ ಜೊತೇಲೇ ಕರ್ಕೊಂಡು ಬರ್ತೀನಿ!” ಎಂದು ಕಿಟಕಿಯಿಂದ ಕೂಗಿದಳು.

ಲಾರಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ತಂದದ್ದಾಯಿತು. ಮೆಕ್ಯಾನಿಕ್ ಎಂಜಿನ್ನಿನ ಪಕ್ಕಕ್ಕೆ ಕೈಹಾಕಿ, ಅಂಗೈಯಷ್ಟಗಲದ ಒಂದು ಸಾಮಾನನ್ನು ಬಿಚ್ಚಿ ತೋರಿಸಿದ. ಟ್ಯಾಂಕಿನಿಂದ ಡೀಸೆಲ್ ಎಳೆದು ಎಂಜಿನ್ನಿನ ದೊಡ್ಡ ಪಂಪಿಗೆ ಒಪ್ಪಿಸುವ ಫೀಡ್ ಪಂಪು ಅದು.

“ಒಳಗಿನ ರಬ್ಬರು ಹರಿದಿದೆ ಅಕ್ಕ. ಕಂಪನಿಯವರು ಇದನ್ನ ಮಾಡೋದು ಬಿಟ್ಟು ತುಂಬಾ ಕಾಲ ಆಯ್ತು. ಹೊರಗಿನದ್ದೇ ಹಾಕ್ಬೇಕು.”

“ಹೊರಗಿನದ್ದು ಅಂದ್ರೆ ಯಾವುದು?”

“ಅಂಗಡೀಲಿ ಕೇಳಿ, ಕೊಡ್ತಾರೆ.”

ಕೇಳುವುದಕ್ಕೂ ಕೊಡುವುದಕ್ಕೂ ನಡುವೆ ಐದು ವಾರ ಹಿಡಿಯುತ್ತದೆಂದು ಯಾರು ಕಂಡಿದ್ದರು?

ಮೊದಲು ಸುದ್ದಿ ಮುಟ್ಟಿದ್ದು ಭಾವನಿಗೆ, ಅಂದರೆ ಅವಳ ಸ್ವಂತ ಅಕ್ಕನ ಗಂಡನಿಗೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಇದ್ದವನು. ಇದ್ದದ್ದು ಟಿಕೆಟ್ ವಿಭಾಗದಲ್ಲಿ, ಆದರೂ ಎಂಜಿನ್ನಿನ ಮಾತು ಬಂದರೆ ಅವನ ಬಾಯಿಗೆ ಬ್ರೇಕಿರಲಿಲ್ಲ. ಮೂರನೆಯ ದಿನಕ್ಕೆ ಹಳೆಯದರ ಪಡಿಯಚ್ಚಿನಂತಿದ್ದ ಪಂಪೊಂದನ್ನು ಕಾಗದದಲ್ಲಿ ಸುತ್ತಿ ತಂದ.

“ನೋಡಮ್ಮ, ಅವಳಿ ಮಕ್ಕಳ ಹಾಗಿಲ್ವಾ? ಕಣ್ಣು ಮುಚ್ಚಿಕೊಂಡು ಹಾಕ್ಸು.”

ಹಾಕಿಸಿದಳು. ಸಮತಟ್ಟು ರಸ್ತೆಯಲ್ಲಿ ಲಾರಿ ಹೂವಿನಂತೆ ಓಡಿತು. ಒಂಬತ್ತನೆಯ ದಿನ ಅದೇ ಏರು, ಅದೇ ಕೆಮ್ಮು. ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿದರೆ ಪಂಪನ್ನು ಒತ್ತುವ ಸನ್ನೆಕೋಲು ಹಳೆಯದಕ್ಕಿಂತ ಒಂದು ಉಗುರಿನಷ್ಟು ಗಿಡ್ಡ. ಪಂಪು ಪೂರ್ತಿ ಉಸಿರೆಳೆಯುತ್ತಲೇ ಇರಲಿಲ್ಲ.

“ಒಂದು ಉಗುರು ತಾನೆ?” ಎಂದ ಭಾವ.

“ನಿಮ್ಮ ಚಪ್ಪಲಿ ಒಂದು ಉಗುರು ಗಿಡ್ಡ ಆಗ್ಲಿ, ಆಮೇಲೆ ಮಾತಾಡೋಣ ಭಾವ,” ಎಂದಳು ಗಾಜಿನಕ್ಕ. ಅವಳ ಅಕ್ಕ ಅಡುಗೆಮನೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ನಕ್ಕದ್ದು ಇಬ್ಬರಿಗೂ ಕೇಳಿಸಿತು.

ಸರಿ, ಬಿಡಿಭಾಗದ ಅಂಗಡಿಗೆ ತಾನೇ ಹೋದಳು. ಅಂಗಡಿಯವನು ಯಾವ ಗಾಡಿ ಎಂದು ಕೇಳಿದ್ದೇ ತಡ, ಕೆಂಪು ಡಬ್ಬಿಯೊಂದನ್ನು ಮುಂದಿಟ್ಟ. “ಕರೆಂಟಿನ ಪಂಪು ಅಕ್ಕ. ಬ್ಯಾಟರಿಗೆ ಕೊಟ್ರೆ ಮುಗೀತು. ಇದರ ಜೋರು ನೋಡಿದ್ರೆ ಲಾರಿ ಏರು ಹತ್ತೋದಲ್ಲ, ಹಾರುತ್ತೆ.”

ಲಾರಿ ಹಾರಲಿಲ್ಲವಾದರೂ ಏರಿತು. ಗಾಜಿನಕ್ಕ ನಾಲ್ಕು ದಿನ ನೆಮ್ಮದಿಯಾಗಿದ್ದಳು. ಐದನೆಯ ಬೆಳಗ್ಗೆ ಅಭ್ಯಾಸದಂತೆ ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿದಳು. ಆಯಿಲು ಗೆರೆಯ ಮೇಲಕ್ಕೆ ಏರಿತ್ತು. ಬೆರಳಿಗೆ ಹಚ್ಚಿದರೆ ನೀರಿನಷ್ಟು ತೆಳು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಹೊಸ ಪಂಪು ಅತಿಯಾಗಿ ಒತ್ತಿ ಒತ್ತಿ ದೊಡ್ಡ ಪಂಪಿನ ಸೀಲನ್ನೇ ಹರಿದುಹಾಕಿತ್ತು. ಡೀಸೆಲೆಲ್ಲ ಎಂಜಿನ್ನಿನ ಹೊಟ್ಟೆಗಿಳಿಯುತ್ತಿತ್ತು. ಇನ್ನೊಂದು ದಿನ ಓಡಿಸಿದ್ದರೆ ಎಂಜಿನ್ನೇ ಕೈಬಿಡುತ್ತಿತ್ತು.

“ಜೋರು ಜಾಸ್ತಿ ಆಯ್ತು,” ಎಂದ ಮೆಕ್ಯಾನಿಕ್, ಮಳೆ ಜಾಸ್ತಿಯಾಯಿತು ಎಂಬಂತೆ.

“ಹಾಕೋವಾಗ ಹೇಳೋಕಾಗ್ತಿರ್ಲಿಲ್ವಾ?”

“ನೀವು ತಂದ್ರಿ, ನಾನು ಹಾಕ್ದೆ.”

ದೊಡ್ಡ ಪಂಪು ರಿಪೇರಿಗೆ ಹೋಯಿತು. ಲಾರಿ ಗ್ಯಾರೇಜಿನ ಗೋಡೆಗೆ ಮುಖ ಮಾಡಿ ನಿಂತಿತು. ಇವಳ ಗಾಜಿಗೆ ಕಾಯುತ್ತಿದ್ದ ಎಂಟು ಮಹಡಿಯ ಕಟ್ಟಡದವರು ದಿನಕ್ಕೆರಡು ಸಲ ಫೋನ್ ಮಾಡಿ ಗಾಜೆಲ್ಲಿ ಎಂದು ಕೇಳಿದರು, ಆಮೇಲೆ ಒಂದು ಸಲ ಮಾಡಿದರು, ಆಮೇಲೆ ಮಾಡಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. ಸಲಹೆಗೇನೂ ಬರವಿರಲಿಲ್ಲ. ಭಾವ ಕರೆಂಟಿನದು ಬೇಡವೇ ಬೇಡ ಎಂದ, ಅಂಗಡಿಯವನು ಕರೆಂಟಿನದೇ ಸೈ ಎಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಡುವೆ ಹಗ್ಗವಾದವಳು ಇವಳು.

ಅವತ್ತು ಮಧ್ಯಾಹ್ನ ಶೆಡ್ಡಿಗೆ ಬಂದು ಗಂಡನ ಮುಂದೆ ಎಲ್ಲರನ್ನೂ ಸರದಿಯ ಮೇಲೆ ಬೈದಳು. ಅವನು ಗಾಜಿನ ಮೇಲೆ ಗುರುತು ಹಾಕುತ್ತ ಕೇಳಿಸಿಕೊಂಡ. ಎಲ್ಲ ಮುಗಿದ ಮೇಲೆ ಕೇಳಿದ:

“ಒಂದು ಕಮ್ಮಿ ಆಯ್ತು, ಒಂದು ಜಾಸ್ತಿ ಆಯ್ತು ಅಂತೀಯ. ಎಷ್ಟು ಬೇಕಂತೆ?”

“ಅದ್ಯಾರಿಗ್ರೀ ಗೊತ್ತು?”

“ಗೊತ್ತಿಲ್ದೆ ನೀವೆಲ್ಲ ಹೇಗೆ ತಂದ್ರಿ?”

ಅವಳಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಗಂಡನ ಮೇಲಲ್ಲ. ಇಷ್ಟು ಜನರಲ್ಲಿ ಒಬ್ಬರಾದರೂ, ತಾನೂ ಸೇರಿ, ಆ ಪ್ರಶ್ನೆ ಕೇಳಿರಲಿಲ್ಲವಲ್ಲ! ನೇರ ಗ್ಯಾರೇಜಿಗೆ ಹೋಗಿ ಲಾರಿಯ ಸೀಟಿನಡಿ ತಡಕಾಡಿದಳು. ಹಳೆಯ ಚಿಂದಿಬಟ್ಟೆಗಳ ಕೆಳಗೆ ಗಾಡಿಯ ಪುಸ್ತಕ ಸಿಕ್ಕಿತು. ಎಣ್ಣೆ ಕುಡಿದು ಹಾಳೆಗಳು ಪಾರದರ್ಶಕವಾಗಿದ್ದವು. ಕೊನೆಗೂ ಸಿಕ್ಕಿದ ಸಾಲು ಚಿಕ್ಕದು: ದೊಡ್ಡ ಪಂಪಿನ ಬಾಯಲ್ಲಿ ಒತ್ತಡ ಐದರಿಂದ ಹತ್ತು ಪೌಂಡು ಇರಬೇಕು.

ಮರುದಿನ ಒತ್ತಡ ತೋರಿಸುವ ಗೇಜು, ಒಂದು ನಲ್ಲಿ, ಒಂದು ಕ್ಯಾನು ಡೀಸೆಲ್, ಲಾರಿಯ ಬ್ಯಾಟರಿ ಇಷ್ಟನ್ನೂ ಕೈಗಾಡಿಯಲ್ಲಿಟ್ಟುಕೊಂಡು ಅಂಗಡಿಗೆ ಹೋದಳು.

“ಯಾವ ಗಾಡಿಗೆ ಅಕ್ಕ?”

“ಗಾಡಿ ಬಿಡಿ. ಏಳೆಂಟು ಪೌಂಡು ಕೊಡೋ ಪಂಪು ತೋರ್ಸಿ.”

ಅಂಗಡಿಯವನು ಡಬ್ಬಿಗಳನ್ನು ತಿರುಗಿಸಿ ನೋಡಿದ. ಒಂದರ ಮೇಲೆ ಕುದುರೆಯ ಚಿತ್ರವಿತ್ತು, ಒಂದರ ಮೇಲೆ ಬೆಂಕಿಯ ಚಿತ್ರವಿತ್ತು, ಪೌಂಡು ಎಲ್ಲೂ ಇರಲಿಲ್ಲ.

“ಇಲ್ಲೇ ಓಡಿಸಿ ನೋಡ್ತೀನಿ,” ಎಂದಳು.

“ಗಲ್ಲಾ ಮೇಲೆ ಡೀಸೆಲ್ಲಾ? ಇದೇನಕ್ಕ, ಅಂಗಡಿಯೋ ಬಚ್ಚಲುಮನೆಯೋ?”

“ಹೋದ್ಸಲ ನೀವು ಕೊಟ್ಟಿದ್ದು ನನ್ನ ದೊಡ್ಡ ಪಂಪನ್ನೇ ನುಂಗ್ತು. ಇಲ್ಲಿ ಓಡಿಸ್ತೀರೋ, ಇಲ್ಲಾ ಬಂದ ಗಿರಾಕಿಗಳಿಗೆಲ್ಲ ಆ ಕಥೆ ಹೇಳ್ಲೋ?”

ಬಾಗಿಲಲ್ಲಿ ಆಗಲೇ ಇಬ್ಬರು ಗಿರಾಕಿಗಳು ಕಿವಿ ನಿಮಿರಿಸಿ ನಿಂತಿದ್ದರು. ಅಂಗಡಿಯವನು ಹಿಂದಿನ ಅಂಗಳ ತೋರಿಸಿದ.

ಕುದುರೆ ಚಿತ್ರದ್ದು ಹದಿನೆಂಟು ಪೌಂಡಿಗೆ ನೆಗೆಯಿತು. ಅದನ್ನು ಅಲ್ಲೇ ಬಿಟ್ಟಳು. ಬೆಂಕಿ ಚಿತ್ರದ್ದು ಎಂಟು ತೋರಿಸಿತು. ಅಂಗಡಿಯವನ ಮುಖ ಅರಳಿತು. ಅವಳು ನಲ್ಲಿ ಬಿಟ್ಟು ಡೀಸೆಲ್ ಹರಿಯಗೊಟ್ಟಳು. ಮುಳ್ಳು ಎರಡಕ್ಕೆ ಕುಸಿಯಿತು. “ನಿಂತಲ್ಲೇ ಶೂರ,” ಎಂದು ಅದನ್ನೂ ಪಕ್ಕಕ್ಕಿಟ್ಟಳು. ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಚಿತ್ರವೇ ಇಲ್ಲದ ಕಂದು ಡಬ್ಬಿಯ ಪಂಪು ಏಳು ತೋರಿಸಿತು. ನಲ್ಲಿ ಪೂರ್ತಿ ಬಿಟ್ಟಾಗ ಆರು. ಹತ್ತು ನಿಮಿಷ ಓಡಿಸಿದಳು. ಆರಕ್ಕೆ ಆರೇ.

“ಇದನ್ನ ಯಾರೂ ಕೇಳೋದೇ ಇಲ್ಲ,” ಎಂದ ಅಂಗಡಿಯವನು, ಸೋತ ದನಿಯಲ್ಲಿ.

ದೊಡ್ಡ ಪಂಪು ರಿಪೇರಿಯಾಗಿ ಬಂದ ದಿನ, ಆಯಿಲು ಬದಲಿಸಿ, ಹೊಸ ಪಂಪನ್ನು ಟ್ಯಾಂಕಿನ ಹತ್ತಿರ ಕೂರಿಸಿದರು. ಗೇಜನ್ನು ಮುಂದಿನ ಗಾಜಿನ ಹೊರಗೆ ಕಾಣುವಂತೆ ಕಟ್ಟಿಕೊಂಡು ಗಾಜಿನಕ್ಕ ಪೂರ್ತಿ ಹೊರೆಯೊಂದಿಗೆ ಮೇಲುಸೇತುವೆ ಹತ್ತಿದಳು. ಮುಳ್ಳು ಐದೂವರೆಗೆ ಇಳಿದು ಅಲ್ಲೇ ನಿಂತಿತು. ಹಿಂದಿನಿಂದ ಯಾವ ಸದ್ದೂ ಬರಲಿಲ್ಲ. ನಗಬೇಕೆಂದುಕೊಂಡಳು, ನಗು ಬರಲಿಲ್ಲ. ಎಂಟು ಮಹಡಿಯ ಕಟ್ಟಡ ಎಡಕ್ಕೆ ಕಾಣಿಸಿತು. ಐದನೆಯ ಮಹಡಿಯವರೆಗೆ ಬೇರೆ ಯಾರೋ ತಂದ ಗಾಜು ಆಗಲೇ ಬಿಸಿಲಿಗೆ ಹೊಳೆಯುತ್ತಿತ್ತು.

ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಭಾವ ಎಲ್ಲರಿಗೂ ಕೇಳುವಂತೆ ಹೇಳಿದ, “ನಾನು ಮೊದಲೇ ಹೇಳಿದ್ದೆ, ಪಂಪು ನೋಡಿ ತಗೋಬೇಕು ಅಂತ.”

ಗಾಜಿನಕ್ಕ ತುತ್ತು ನುಂಗಿ ಗಂಡನ ಕಡೆ ನೋಡಿದಳು. ಅವನು ತಟ್ಟೆಯಿಂದ ತಲೆಯೆತ್ತದೆ ಸಾರಿನ ಪಾತ್ರೆಯನ್ನು ಅವಳ ಹತ್ತಿರಕ್ಕೆ ಸರಿಸಿದ.