ಎಣ್ಣೆ ಕಾಣದ ರಾಟೆ

ನಮ್ಮ ಅಪಾರ್ಟ್‌ಮೆಂಟಿನ ಕಬ್ಬಿಣದ ಗೇಟು ಕಿರ್ರೋ ಎಂದಾಗಲೆಲ್ಲ ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಗೋವಿಂದರಾಜನಗರದ ನಮ್ಮ ವಠಾರದ ಬಾವಿ ನೆನಪಾಗುತ್ತದೆ. ಎಂಬತ್ತರ ದಶಕದ ಆ ಬೇಸಿಗೆಗಳಲ್ಲಿ ಬಾವಿಯ ತಳ ಕಾಣುತ್ತಿತ್ತು. ನಾಲ್ಕು ಮನೆಗೆ ಅದೊಂದೇ ಬಾವಿ. ಬೆಳಿಗ್ಗೆ ಮಾತ್ರ ಸೇದಬೇಕು, ಅದೂ ಅಳತೆಯಲ್ಲಿ ಎಂದು ಎಲ್ಲರನ್ನೂ ಒಪ್ಪಿಸಿದವಳು ನಮ್ಮಜ್ಜಿ. ಕಾವಲಿಗೆ ಅವಳು ಹೂಡಿದ ಉಪಾಯವೆಂದರೆ ರಾಟೆಗೆ ಯಾರೂ ಎಣ್ಣೆ ಹಾಕಕೂಡದು. ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಹಗ್ಗ ಮುಟ್ಟಿದರೆ ರಾಟೆ ಇಡೀ ಬೀದಿಗೆ ಸಾರುತ್ತಿತ್ತು. ಅಜ್ಜಿ ಒಳಗಿನಿಂದಲೇ "ಯಾರೇ ಅದು?" ಎಂದು ಗದರುತ್ತಿದ್ದಳು.

ಒಂದು ದಿನ ರಾಟೆಯ ಸದ್ದೇ ಅಡಗಿತ್ತು. ಯಾರೋ ಎಣ್ಣೆ ಹಾಕಿ ಕದ್ದು ಸೇದುತ್ತಿದ್ದಾರೆ ಎಂದು ವಠಾರವೆಲ್ಲ ಬಾವಿಕಟ್ಟೆಗೆ ಬಂದು ನಿಂತಿತು. ಟೈಲರ್ ನಂಜುಂಡಣ್ಣನ ತಲೆಯಿಂದ ಸದಾ ಎಣ್ಣೆ ಇಳಿಯುತ್ತಿದ್ದುದರಿಂದ ಎಲ್ಲರ ಕಣ್ಣೂ ಅವನ ಮೇಲೇ ಬಿತ್ತು. "ನನ್ನ ತಲೇಗೇ ಸಾಲಲ್ಲ, ರಾಟೆಗೆಲ್ಲಿಂದ ತರ್ಲಿ?" ಎಂದು ಸಿಟ್ಟಾದ ಅವನು ರಾಟೆ ಸವರಿ ಮೂಸಿ ನೋಡಿದ. "ಇದು ಕೊಬ್ಬರಿ ಎಣ್ಣೆ ಅಲ್ಲ, ಹರಳೆಣ್ಣೆ ಕಣ್ರೀ!"

ವಠಾರದಲ್ಲಿ ಹರಳೆಣ್ಣೆ ಇದ್ದುದು ದಾವಣಗೆರೆ ಕಡೆಯ ಶಾಂತಕ್ಕನ ಮನೆಯಲ್ಲಿ ಮಾತ್ರ. ತಾಯಿಯಿಲ್ಲದ ಆಕೆಗೆ ಹೆರಿಗೆ ಇಲ್ಲೇ ಆಗಿತ್ತು. ಆದರೆ ಬಾಣಂತಿ ಹೊಸ್ತಿಲು ದಾಟುವ ಹಾಗಿರಲಿಲ್ಲ. ಬಾಣಂತಿಗೂ ಮಗುವಿಗೂ ದಿನಾ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವಳು ನಮ್ಮಜ್ಜಿ. ಎಲ್ಲರೂ ನಿಧಾನವಾಗಿ ಅಜ್ಜಿಯ ಕೈ ನೋಡಿದರು. ಮೊಳಕೈವರೆಗೂ ಮಿಂಚುತ್ತಿತ್ತು.

"ನಾನೇ ಕಣೋ," ಎಂದಳು ಅಜ್ಜಿ. "ಹಸಿ ಬಾಣಂತಿಗೆ ಅರ್ಧ ಮೈಗೆ ನೀರು ಹಾಕೋಕಾಗುತ್ತಾ? ಕಾಯಿದೆ ಮಾಡಿದೋಳು ನಾನು, ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಕೇಳಿದ್ರೆ ಇಲ್ಲ ಅಂತಿದ್ವಾ ಅಜ್ಜಿ?" ಎಂದ ನಂಜುಂಡಣ್ಣ.

ಅಂದಿನಿಂದ ಪ್ರತಿ ಮನೆಯೂ ತನ್ನ ಪಾಲಿನಲ್ಲಿ ಒಂದು ಕೊಡ ಬಾಣಂತಿಗೆ ಬಿಟ್ಟುಕೊಟ್ಟಿತು. ಕಾಯಿದೆ ಕಾಯಿದೆಯೇ ಎಂದು ಅಜ್ಜಿ ರಾಟೆಯನ್ನು ಇಳಿಸಿ, ಸೀಗೆಪುಡಿ ಹಚ್ಚಿ ಅಭ್ಯಂಜನ ಮಾಡಿಸಿದಳು. ಜಿಡ್ಡು ಬಿಡಿಸಲು ಖರ್ಚಾದ ನೀರಿನಲ್ಲಿ ಇನ್ನೊಂದು ಮಗುವಿಗೆ ಸ್ನಾನ ಮಾಡಿಸಬಹುದಿತ್ತು! ಮತ್ತೆ ಕಿರ್ರೋ ಎಂದಾಗ ವಠಾರವೇ ಹೋ ಎಂದಿತು. ಆ ಬೇಸಿಗೆ ಬಾವಿ ಬತ್ತಲಿಲ್ಲ.

ಆಮೇಲೆ ಮನೆಗೊಂದು ಬೋರ್‌ವೆಲ್ ಬಂತು, ಬಾವಿಗೆ ಮಣ್ಣು ಬಿತ್ತು, ಅಜ್ಜಿಯೂ ಹೋದಳು. ಈಗ ನೆಲದಡಿಯಿಂದ ಯಾರು ಎಷ್ಟು ಸೇದುತ್ತಾರೋ ಯಾರಿಗೂ ಕೇಳಿಸುವುದಿಲ್ಲ. ನಿನ್ನೆ ವಾಚ್‌ಮನ್ ಎಣ್ಣೆ ಡಬ್ಬಿ ಹಿಡಿದು ಬಂದ. "ಗೇಟಿಗೆ ಸ್ವಲ್ಪ ಬಿಡ್ಲಾ ಆಂಟಿ?"

"ಬೇಡಪ್ಪಾ," ಎಂದೆ. "ಒಳಗಿಂದ ಯಾರಾದ್ರೂ ಗದರ್ತಾರೇನೋ ನೋಡೋಣ."